ಮಂಚದ ಮೇಲಿದ್ದರೂ ಮನೆಯ ಮಗ



ಕ್ರಿಸ್ತಜಯಂತಿ ಹತ್ತಿರ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಆಸ್ಪತ್ರೆಗೆ ಭೇಟಿ ಕೊಡುವ ವಾಡಿಕೆ ಇದೆ. ಒಳ್ಳೆಯ ವಾಡಿಕೆಯೇ. ಕೆಲವು ವರ್ಷಗಳ ಹಿಂದೆ ನಾವೂ ಹತ್ತು ಹನ್ನೆರಡು ಮಂದಿ ಕೇಕು, ಬಲೂನು, ಬಣ್ಣದ ಪೆನ್ಸಿಲ್ ಪೆಟ್ಟಿಗೆಗಳನ್ನು ಹೊತ್ತುಕೊಂಡು ದೊಡ್ಡ ಊರಿನ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋದೆವು. ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ ರಕ್ತದ ಕ್ಯಾನ್ಸರ್. ತಲೆಗೂದಲೆಲ್ಲ ಉದುರಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಕುಳಿತ ಮಕ್ಕಳು. ನಾವು ಕ್ಯಾರಲ್ ಹಾಡಿದೆವು. ನಮ್ಮ ಯುವಕನೊಬ್ಬ ಕ್ರಿಸ್ಮಸ್ ತಾತನ ವೇಷ ಹಾಕಿ ಕುಣಿದ. ಒಂದೊಂದು ಮಂಚದ ಪಕ್ಕದಲ್ಲೂ ನಿಂತು ಫೋಟೋ ತೆಗೆಸಿಕೊಂಡೆವು.

ಕಿಟಕಿಯ ಕಡೆಯ ಮಂಚದಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿದ್ದ. ಬಲೂನು ಕೊಟ್ಟರೆ ತೆಗೆದುಕೊಂಡು ದಿಂಬಿನ ಹಿಂದೆ ಇಟ್ಟ. ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಸುಮ್ಮನೆ ಬರಲಾಗದೆ, "ಯಾವೂರಪ್ಪಾ?" ಎಂದೆ. "ರನ್ನ ಬೆಳಗಲಿ ರೀ ಅಕ್ಕಾರ. ಮುಧೋಳ ಕಡೆ. ರನ್ನ ಕವಿ ಊರು," ಎಂದ. ಸಾವಿರ ವರ್ಷದ ಹಿಂದೆ ಬಳೆಗಾರರ ಮನೆಯಲ್ಲಿ ಹುಟ್ಟಿದ ಮಹಾಕವಿಯನ್ನು ತನ್ನ ಓಣಿಯವನೇ ಎಂಬಂತೆ ಹೇಳಿದ. ನಾನು ಆ ಸೀಮೆಯಲ್ಲಿ ಕೆಲಸ ಮಾಡಿದವಳೆಂದು ತಿಳಿದದ್ದೇ ಅವನ ಮುಖ ಅರಳಿತು. ಕಬ್ಬು ಕಡಿಯುವುದು ಶುರುವಾಯಿತೇ ಎಂದು ಕೇಳಿದ. ಆಮೇಲೆ, ನನ್ನನ್ನಲ್ಲ, ತಾಯಿಯನ್ನು ನೋಡುತ್ತ, "ನಮ್ಮ ಎಮ್ಮಿ ಈದೈತೇನವ್ವಾ?" ಎಂದ.

"ಇನ್ನಾ ಇಲ್ಲಪಾ. ಈತದ, ಈತದ," ಎಂದಳು ತಾಯಿ.

ಹೊರಡುವಾಗ ಆಕೆ ಬಾಗಿಲ ತನಕ ಬಂದಳು. ಎಮ್ಮೆಯನ್ನು ಮಾರಿ ಒಂದು ತಿಂಗಳಾಗಿತ್ತು. ದಿನಾ ಸಂಜೆ ಅವನು ಅದೇ ಪ್ರಶ್ನೆ ಕೇಳುತ್ತಾನೆ, ದಿನಾ ಸಂಜೆ ತಾನು ಅದೇ ಸುಳ್ಳು ಹೇಳುತ್ತೇನೆ ಎಂದಳು. "ಹೇಳಿದ್ರ ಅವಂಗ ಸಂಕಟ, ಹೇಳದಿದ್ರ ನಂಗ ಸಂಕಟ. ಏನ್ ಮಾಡ್ಲಿರಿ ಅಕ್ಕಾರ?"

ಕೇಕಿನ ಖಾಲಿ ಡಬ್ಬ ಕೈಯಲ್ಲಿ ಹಿಡಿದುಕೊಂಡಿದ್ದ ನನಗೆ ಉತ್ತರ ಹೊಳೆಯಲಿಲ್ಲ.

ಆ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಕಠಿಣ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಮಗುವಿಗೆ ಮನೆಯ ವಾತಾವರಣ ಬೇಕು ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಮನೆ ಎಂದರೆ ಯಾವುದು? ನಗು, ಸಿಹಿ, ಹುಟ್ಟುಹಬ್ಬ ಮಾತ್ರವೇ? ಅಥವಾ ಎಮ್ಮೆ ಮಾರಿದ ಸುದ್ದಿಯೂ ಅದರೊಳಗೆ ಬರುತ್ತದೆಯೇ?

ಮೊದಲು ಕಾಯಿಲೆಯ ವಿಷಯ ಒಂದೆರಡು ಮಾತು. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಒಂದು ಬಗೆಯ ರಕ್ತದ ಕ್ಯಾನ್ಸರ್. ಇದು ಬಂದರೆ ಮುಗಿಯಿತು ಎಂಬ ಕಾಲ ಹೋಗಿದೆ. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆಯ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕಿ ಉಳಿಯುತ್ತಾರೆ. ನಮ್ಮಲ್ಲಿ ಅಷ್ಟಿಲ್ಲ. ಕಾರಣ ಔಷಧಿ ಒಂದೇ ಅಲ್ಲ. ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯಬೇಕು. ಮೊದಲ ತಿಂಗಳುಗಳು ಆಸ್ಪತ್ರೆಯಲ್ಲಿ ಅಥವಾ ಅದರ ಹತ್ತಿರದಲ್ಲೇ ಕಳೆಯಬೇಕು. ದೂರದ ಹಳ್ಳಿಯವರು ನಡುವೆಯೇ ಬಿಟ್ಟು ಹೋಗುತ್ತಾರೆ. ವೈದ್ಯರು ಇದನ್ನು ತಮ್ಮ ದೊಡ್ಡ ಸೋಲುಗಳಲ್ಲಿ ಒಂದೆಂದು ಎಣಿಸುತ್ತಾರೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ನೆರವು ಸಿಗುತ್ತದೆ, ನಿಜ. ಆದರೆ ಬಸ್ಸಿನ ಚಾರ್ಜು, ಕೋಣೆಯ ಬಾಡಿಗೆ, ತಪ್ಪಿಹೋದ ಕೂಲಿ, ಊರಲ್ಲಿ ಉಳಿದ ಮಕ್ಕಳ ಊಟ, ಇವನ್ನು ಯಾವ ಕಾರ್ಡು ಕೊಡುತ್ತದೆ? ಎಮ್ಮೆ ಹೋದದ್ದು ಇಲ್ಲಿಗೆ.

ಇನ್ನು ಮನೆಯ ವಿಷಯ. ಆಸ್ಪತ್ರೆಯಲ್ಲಿ ಮಗುವಿನ ಬಳಿ ತಾಯಿ ಇರಬೇಕು ಎಂಬುದು ನಮಗೆ ಹೊಸ ಮಾತಲ್ಲ. ಪಶ್ಚಿಮದಲ್ಲಿ ಇದಕ್ಕಾಗಿ ಹೋರಾಡಬೇಕಾಯಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಒಂದು ಕಾಲಕ್ಕೆ ತಂದೆತಾಯಿ ತಮ್ಮ ಮಗುವನ್ನು ವಾರಕ್ಕೊಮ್ಮೆ ಎಂಬಂತೆ ನೋಡಿ ಹೋಗಬೇಕಿತ್ತು. ಹೆಚ್ಚು ಬಂದರೆ ಮಗು ಅತ್ತು ಗಲಾಟೆ ಮಾಡುತ್ತದೆ, ಬರದಿದ್ದರೆ ಸುಮ್ಮನಾಗುತ್ತದೆ ಎಂದು ಅವರ ಲೆಕ್ಕ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಸಣ್ಣ ಶಸ್ತ್ರಚಿಕಿತ್ಸೆಗೆ ಸೇರಿದ ಎರಡು ವರ್ಷದ ಲಾರಾ ಎಂಬ ಹುಡುಗಿಯ ಎಂಟು ದಿನಗಳನ್ನು ಚಲನಚಿತ್ರವಾಗಿ ತೆಗೆದರು. ಮಗು ಹೆಚ್ಚು ಅಳುವುದಿಲ್ಲ. ಅಳು ನುಂಗುತ್ತದೆ, ಆಗಾಗ ಅಮ್ಮನನ್ನು ಕೇಳುತ್ತದೆ, ದಿನ ಕಳೆದಂತೆ ಬಾಡುತ್ತದೆ. ಸುಮ್ಮನಾದ ಮಗು ಸಮಾಧಾನಗೊಂಡ ಮಗುವಲ್ಲ ಎಂದು ಆ ಚಿತ್ರ ತೋರಿಸಿತು. ದಾದಿಯರೂ ವೈದ್ಯರೂ ಅನೇಕರು ಸಿಟ್ಟಾದರು. ಆದರೂ 1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಅವರ ಸಮಿತಿ, ತಂದೆತಾಯಿಗೆ ಯಾವಾಗ ಬೇಕಾದರೂ ಬರಲು ಬಿಡಬೇಕು, ತಾಯಿ ಮಗುವಿನೊಂದಿಗೆ ಉಳಿಯಲು ಅನುಕೂಲ ಮಾಡಬೇಕು ಎಂದು ಸರಕಾರಕ್ಕೆ ವರದಿ ಕೊಟ್ಟಿತು.

ನಮ್ಮಲ್ಲಿ ತಾಯಿ ಎಂದೂ ಹೊರಗೆ ನಿಲ್ಲಲಿಲ್ಲ. ದಾದಿಯರು ಕಡಿಮೆ, ಜೊತೆಗೊಬ್ಬರು ಇರಲೇಬೇಕು. ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುವ ತಾಯಂದಿರನ್ನು ನೀವೂ ನೋಡಿದ್ದೀರಿ. ಆದರೆ ಒಂದು ಮಾತು ಗಮನಿಸಿ. ಆಸ್ಪತ್ರೆಯೊಳಗೆ ಕಾಲಿಟ್ಟ ಕ್ಷಣದಿಂದ ಆಕೆ ತಾಯಿಯಲ್ಲ, 'ಅಟೆಂಡರ್.' ರಕ್ತದ ಚೀಟಿ ಒಯ್ಯುವವಳು, ಔಷಧಿ ತರುವವಳು, ಮೂತ್ರದ ಅಳತೆ ಬರೆಯುವವಳು. ಹುಡುಗನೂ ಹಾಗೆಯೇ ಮಗನಲ್ಲ, 'ಪೇಶಂಟ್.' ಇಬ್ಬರೂ ಎಂಟು ವಾರ ಒಂದೇ ಮಂಚದ ಬಳಿ ಇದ್ದರೂ ತಾಯಿ ಮಗನಾಗಿ ಎಂಟು ನಿಮಿಷ ಕಳೆದಿರುತ್ತಾರೋ ಇಲ್ಲವೋ.

ಆ ವಾರ್ಡಿನಲ್ಲಿ ಕೇರಳದ ದಾದಿಯೊಬ್ಬರಿದ್ದರು. ನಮ್ಮ ಕ್ರಿಸ್ಮಸ್ ಭೇಟಿಯ ಬಳಿಕ ನಾನೊಬ್ಬಳೇ ಮತ್ತೆ ಮತ್ತೆ ಹೋಗತೊಡಗಿದಾಗ ಅವರ ಪರಿಚಯವಾಯಿತು. ಒಮ್ಮೆ ಆ ಹುಡುಗ ಸಿಟ್ಟಿನಿಂದ ಹಾಲಿನ ಲೋಟವನ್ನು ತಾಯಿಯ ಕಡೆ ಎಸೆದ. ಆಕೆ ಮಾತಾಡದೆ ನೆಲ ಒರೆಸಿದಳು. ದಾದಿ ತಮ್ಮ ಮುರುಕು ಕನ್ನಡದಲ್ಲಿ, "ಬೈಯಿರಿ ಅಮ್ಮಾ. ಬೈಯದಿದ್ದರೆ ಅವನಿಗೆ ಹೆದರಿಕೆ ಆಗುತ್ತದೆ," ಎಂದರು. ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಯೋಚಿಸಿದೆ. ಊರಲ್ಲಿ ಲೋಟ ಎಸೆದರೆ ಬೆನ್ನಿಗೆ ಒಂದು ಬೀಳುತ್ತಿತ್ತು. ಇಲ್ಲಿ ಎಸೆದರೆ ಯಾರೂ ಏನೂ ಅನ್ನುವುದಿಲ್ಲ. ಕೇಳಿದ್ದೆಲ್ಲ ಸಿಗುತ್ತದೆ, ಗುರುತಿಲ್ಲದವರು ಬಂದು ಆಟಿಕೆ ಕೊಡುತ್ತಾರೆ, ಅಪ್ಪ ಫೋನಿನಲ್ಲಿ ಮೆತ್ತಗೆ ಮಾತಾಡುತ್ತಾನೆ. ಹನ್ನೊಂದು ವರ್ಷದ ಹುಡುಗ ಇದರ ಲೆಕ್ಕ ಹಾಕಲಾರನೇ? ತನ್ನ ಮೇಲೆ ಎಲ್ಲರೂ ಇಷ್ಟು ಮರುಕಪಡುತ್ತಿದ್ದಾರೆಂದರೆ ತನಗೇನೋ ಆಗಲಿದೆ ಎಂದು ಅವನು ತಿಳಿಯುತ್ತಾನೆ. ನಮ್ಮ ಕೇಕಿನಿಂದಲೂ ಅವನು ಅದನ್ನೇ ತಿಳಿದಿರಬೇಕು.

ಇದು ನನ್ನ ಊಹೆ ಮಾತ್ರವಲ್ಲ. ಅಮೆರಿಕದ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದ ಎಳೆಯ ಮಕ್ಕಳ ಜೊತೆ ತಿಂಗಳುಗಟ್ಟಲೆ ಕುಳಿತು, 1978ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಆ ಮಕ್ಕಳಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ಅವರಿಗೆ ಎಲ್ಲವೂ ತಿಳಿದಿತ್ತು. ಔಷಧಿಗಳ ಹೆಸರು, ಯಾವುದು ಬಂದರೆ ಏನರ್ಥ, ಯಾವ ಮಂಚದ ಗೆಳೆಯ ಎಲ್ಲಿಗೆ ಹೋದ, ಎಲ್ಲ. ತಿಳಿದೂ ಅವರು ತಂದೆತಾಯಿಯ ಮುಂದೆ ತಿಳಿಯದವರಂತೆ ಇದ್ದರು. ಏಕೆ? ತಿಳಿದಿದೆ ಎಂದು ತೋರಿಸಿಕೊಂಡರೆ ದೊಡ್ಡವರು ತಡೆದುಕೊಳ್ಳಲಾರದೆ ಎದ್ದು ಹೊರಗೆ ಹೋಗುತ್ತಾರೆ ಎಂಬುದನ್ನು ಆ ಮಕ್ಕಳು ಕಂಡುಕೊಂಡಿದ್ದರು. ತಂದೆತಾಯಿ ಮಕ್ಕಳನ್ನು ಕಾಪಾಡಲು ನಟಿಸುತ್ತಿದ್ದರು, ಮಕ್ಕಳು ತಂದೆತಾಯಿಯನ್ನು ಕಾಪಾಡಲು ನಟಿಸುತ್ತಿದ್ದರು. ನಡುವೆ ಮಗು ಒಂಟಿಯಾಗಿತ್ತು.

ಹಾಗಾದರೆ ಎಲ್ಲವನ್ನೂ ಹೇಳಿಬಿಡಬೇಕೇ? ಇಲ್ಲಿ ನಾನು ತಡೆಯುತ್ತೇನೆ. ಸಂತ ಅಗಸ್ಟೀನರು ಸುಳ್ಳಿನ ಬಗ್ಗೆ ಎರಡು ಗ್ರಂಥ ಬರೆದಿದ್ದಾರೆ. ಸುಮಾರು ಕ್ರಿ.ಶ. 420ರಲ್ಲಿ ಬರೆದ ಎರಡನೆಯದರಲ್ಲಿ ಹೆಚ್ಚುಕಡಿಮೆ ನಮ್ಮದೇ ಪ್ರಶ್ನೆ ಬರುತ್ತದೆ. ಒಬ್ಬ ರೋಗಿ ಸಾವಿನ ಅಂಚಿನಲ್ಲಿದ್ದಾನೆ. ಅವನ ಒಬ್ಬನೇ ಮಗ ತೀರಿಹೋಗಿದ್ದಾನೆ, ಅವನಿಗೆ ಗೊತ್ತಿಲ್ಲ. ಮಗ ಬದುಕಿದ್ದಾನೆಯೇ ಎಂದು ಕೇಳುತ್ತಾನೆ. ನಿಜ ಹೇಳಿದರೆ ಅವನ ಜೀವ ಹೋಗಬಹುದು. ಏನು ಹೇಳುವುದು? ಅಗಸ್ಟೀನರು ತಮ್ಮ ತತ್ವವನ್ನು ಸಡಿಲಿಸುವುದಿಲ್ಲ, ಸುಳ್ಳು ಸುಳ್ಳೇ. ಆದರೆ ಈ ಉದಾಹರಣೆ ತಮ್ಮನ್ನು ಬಹಳ ಕಲಕುತ್ತದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಅಂಥ ಮಹಾಜ್ಞಾನಿಯೇ ಕಲಕಿಹೋದ ಜಾಗದಲ್ಲಿ ಬೆಳಗಲಿಯ ತಾಯಿ ತಡವರಿಸಿದರೆ ನಾವು ಆಕೆಯ ಮೇಲೆ ಬೆರಳು ತೋರಿಸಬಾರದು. ಸಂತ ಥೋಮಸ್ ಅಕ್ವಿನಾಸರು ಇದೇ ದಾರಿಯಲ್ಲಿ ನಡೆದು, ಒಬ್ಬರ ಒಳಿತಿಗಾಗಿ ಹೇಳಿದ ಸುಳ್ಳು ಕೇಡಿಗಾಗಿ ಹೇಳಿದ ಸುಳ್ಳಿನಷ್ಟು ಭಾರವಲ್ಲ ಎಂದರು. ಜಾಣತನದಿಂದ ನಿಜವನ್ನು ಸ್ವಲ್ಪ ಮರೆಯಲ್ಲಿ ಇಡುವುದು ತಪ್ಪಲ್ಲ ಎಂದೂ ಹೇಳಿದರು. ಈ ಎರಡನೆಯ ಮಾತು ನನಗೆ ಉಪಯೋಗಕ್ಕೆ ಬಂದಿದೆ. ರೋಗ ಯಾವ ಹಂತದಲ್ಲಿದೆ, ಎಷ್ಟು ದಿನ, ಇಂಥವನ್ನು ಮಗು ಕೇಳುವ ಮೊದಲೇ ಮುಖಕ್ಕೆ ಹಿಡಿಯಬೇಕಾಗಿಲ್ಲ. ಕೇಳಿದಷ್ಟಕ್ಕೆ, ತಾಳಿಕೊಳ್ಳುವಷ್ಟು, ವೈದ್ಯರ ಜೊತೆ ಮಾತಾಡಿಕೊಂಡು ಹೇಳಬಹುದು.

ಆದರೆ ಎಮ್ಮೆಯ ಮಾತು ಬೇರೆ. ಅದು ರೋಗದ ಸುದ್ದಿಯಲ್ಲ, ಮನೆಯ ಸುದ್ದಿ. ಆ ಎಮ್ಮೆಗೆ ಶಾಲೆಯಿಂದ ಬಂದು ಹುಲ್ಲು ಹಾಕುತ್ತಿದ್ದವನು ಅವನು. ಅದರ ಲಾಭ ನಷ್ಟದಲ್ಲಿ ಅವನಿಗೂ ಪಾಲಿತ್ತು. ಅವನಿಗೆ ಹೇಳದೆ ಮಾರಿದ ದಿನವೇ, ಯಾರಿಗೂ ಗೊತ್ತಾಗದಂತೆ, ಅವನನ್ನು ಮನೆಯ ಲೆಕ್ಕದಿಂದ ಹೊರಗಿಟ್ಟ ಹಾಗಾಯಿತು. ನಾನು ಆ ತಾಯಿಗೆ ಇಷ್ಟನ್ನೇ ಹೇಳಿದೆ, ಹೆದರುತ್ತಲೇ ಹೇಳಿದೆ.

ಜನವರಿಯ ಒಂದು ಸಂಜೆ ಆಕೆ ಹೇಳಿಯೇಬಿಟ್ಟಳು. ನಾನು ಅಲ್ಲಿದ್ದೆ. ಹುಡುಗ ಗೋಡೆ ಕಡೆ ಮುಖ ಮಾಡಿ ಮಲಗಿದ. ಅತ್ತ. ನಾನು ಮಾಡಬಾರದ್ದನ್ನು ಮಾಡಿಸಿದೆನೇನೋ ಎಂದು ನನ್ನ ಜೀವ ಬಾಯಿಗೆ ಬಂತು. ಅರ್ಧ ತಾಸಾದ ಮೇಲೆ ತಿರುಗಿದ. "ಎಷ್ಟಕ್ಕ ಕೊಟ್ರಿ?" ತಾಯಿ ಹೇಳಿದಳು. ಅವನು ಎದ್ದು ಕೂತ. "ಗಬ್ಬದ ಎಮ್ಮಿ ಅಷ್ಟಕ್ಕ ಕೊಟ್ರಾ? ಅಪ್ಪಗ ಯಾಪಾರ ಬರೂದಿಲ್ಲ. ಫೋನ್ ಹಚ್ಚು." ಫೋನಿನಲ್ಲಿ ಅಪ್ಪನಿಗೆ ಚೆನ್ನಾಗಿ ಬೈದ. ಆ ಕಡೆಯಿಂದ ಅಪ್ಪ, ಎರಡು ತಿಂಗಳಲ್ಲಿ ಮೊದಲ ಸಲ, ತಿರುಗಿ ಬೈದ. ಬೈಯುತ್ತ ಬೈಯುತ್ತ ಅಳುತ್ತಿದ್ದನೆಂದು ಧ್ವನಿಯಿಂದ ತಿಳಿಯಿತು. ಆ ರಾತ್ರಿ ಹುಡುಗ ಹಾಲಿನಲ್ಲಿ ಮುರಿದು ನೆನೆಸಿದ ರೊಟ್ಟಿ ಉಂಡ. ಬಾಯಲ್ಲೆಲ್ಲ ಹುಣ್ಣಾಗಿದ್ದರಿಂದ ಗಟ್ಟಿ ರೊಟ್ಟಿ ಆಗುತ್ತಿರಲಿಲ್ಲ.

ಮರುದಿನದಿಂದ ಖರ್ಚಿನ ಲೆಕ್ಕ ಅವನ ಕೈಗೆ ಬಂತು. ನಾನೇ ಕೊಟ್ಟಿದ್ದ ನೂರು ಹಾಳೆಯ ನೋಟುಬುಕ್ಕು. ಚಹಾ, ಹಾಲು, ಅಪ್ಪ ಬಂದಾಗಿನ ಬಸ್ ಚಾರ್ಜು, ಎಲ್ಲ ಬರೆದ. ಒಂದು ದಿನ ತಾಯಿ ಎರಡು ಸಲ ಚಹಾ ಕುಡಿದಳೆಂದು ಜಗಳ ತೆಗೆದ. ಆಕೆ ನನ್ನ ಮುಂದೆ ದೂರು ಹೇಳುವಾಗ ಆ ಮುಖದಲ್ಲಿದ್ದ ಸಂತೋಷವನ್ನು ನಾನು ಮರೆಯಲಾರೆ.

ಪ್ರಭು ಯೇಸು ಒಬ್ಬ ಕಾಯಿಲೆಯ ಮಗುವಿನ ಕೋಣೆಗೆ ಹೋದದ್ದನ್ನು ಸಂತ ಮಾರ್ಕರು ಬರೆದಿದ್ದಾರೆ. ಯಾಯಿರನ ಮಗಳು, ಹನ್ನೆರಡು ವರ್ಷ. ಮನೆ ತುಂಬ ಜನ, ಗೋಳಾಟ. ಪ್ರಭು ಮೊದಲು ಅವರನ್ನೆಲ್ಲ ಹೊರಗೆ ಕಳಿಸಿದರು. ಒಳಗೆ ಉಳಿಸಿಕೊಂಡದ್ದು ತಂದೆಯನ್ನು, ತಾಯಿಯನ್ನು, ಮೂವರು ಶಿಷ್ಯರನ್ನು ಮಾತ್ರ. ಹುಡುಗಿ ಎದ್ದು ನಡೆದಾಡಿದಳು. ಎಲ್ಲರೂ ಬೆರಗಾಗಿ ನಿಂತಿರುವಾಗ ಅವರು ಹೇಳಿದ ಕೊನೆಯ ಮಾತು ಏನು ಗೊತ್ತೇ? ಅವಳಿಗೆ ತಿನ್ನಲು ಏನಾದರೂ ಕೊಡಿ ಎಂದು. ಈ ಭಾಗವನ್ನು ಎಷ್ಟೋ ಸಲ ಓದಿದ್ದೇನೆ. ಅದ್ಭುತದ ಕಡೆಗೇ ನನ್ನ ಕಣ್ಣಿತ್ತು. ಆ ವಾರ್ಡಿಗೆ ಹೋಗಿಬಂದ ಮೇಲೆ ಊಟದ ಮಾತು ಕಣ್ಣಿಗೆ ಬಿತ್ತು. ಅಷ್ಟು ಹೊತ್ತು ಆ ಹುಡುಗಿ ಒಂದು ಸುದ್ದಿಯಾಗಿದ್ದಳು, ಒಂದು ಗುಂಪಿನ ನಡುವಣ ಹೆಣವಾಗಿದ್ದಳು. ಹಸಿದಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಬಲೂನು ಹಿಡಿದು ಹೋದ ನಾವು ಹನ್ನೆರಡು ಮಂದಿ ಆ ಕೋಣೆಯಲ್ಲಿದ್ದಿದ್ದರೆ ಯಾವ ಕಡೆಯವರಾಗಿರುತ್ತಿದ್ದೆವು ಎಂದು ನನಗೆ ಸಂದೇಹವಿಲ್ಲ.

ಊಟದ ಮಾತು ಬಂದದ್ದರಿಂದ ಒಂದು ಒಳ್ಳೆಯ ಕೆಲಸದ ಬಗ್ಗೆ ಹೇಳಬೇಕು. 2006ರಲ್ಲಿ ಮುಂಬಯಿಯಲ್ಲಿ ಶ್ಯಾಮಾ ಮತ್ತು ನಿಹಾಲ್ ಕವಿರತ್ನೆ ದಂಪತಿ ಸೇಂಟ್ ಜೂಡ್ ಹೆಸರಿನ ಮಕ್ಕಳ ಆರೈಕೆ ಕೇಂದ್ರಗಳನ್ನು ಆರಂಭಿಸಿದರು. ಹೆಸರು ನಮ್ಮ ಸಂತ ಯೂದರದೇ, ಕೈಬಿಟ್ಟ ಪ್ರಕರಣಗಳ ಪಾಲಕ ಸಂತರದು. ಟಾಟಾ ಆಸ್ಪತ್ರೆಗೆ ಚಿಕಿತ್ಸೆಗೆ ಬಂದ ಕುಟುಂಬಗಳು ಹೊರಗೆ ಫುಟ್‌ಪಾತಿನ ಮೇಲೆ ಮಲಗುವುದನ್ನು ತಪ್ಪಿಸಲು ಹುಟ್ಟಿದ ಕೆಲಸ ಅದು. ಬಾಡಿಗೆ ಇಲ್ಲ. ಪ್ರತಿ ಕುಟುಂಬಕ್ಕೂ ತನ್ನದೇ ಜಾಗ. ಜೊತೆಗೆ ಸಾಮೂಹಿಕ ಅಡುಗೆಮನೆಯಲ್ಲಿ ಅವರವರ ಅಡುಗೆ ಅವರವರೇ ಮಾಡಿಕೊಳ್ಳುವ ಏರ್ಪಾಡು. ಒಂದೇ ದೊಡ್ಡ ಪಾತ್ರೆಯಲ್ಲಿ ಎಲ್ಲರಿಗೂ ಬೇಯಿಸಿ ಬಡಿಸುವುದು ಸುಲಭವಾಗಿತ್ತು, ಅಗ್ಗವೂ ಆಗಿತ್ತು. ಆದರೆ ಬಿಹಾರದ ತಾಯಿ ತನ್ನ ಮಗುವಿಗೆ ತನ್ನ ಕೈಯ ರುಚಿ ಉಣಿಸಬೇಕು, ಬಂಗಾಳದವಳು ತನ್ನದು. ಒಲೆ ಹಚ್ಚುವ ಕೈ ಮಾತ್ರ ಅಟೆಂಡರಿನದಲ್ಲ, ತಾಯಿಯದು. ಇದನ್ನು ಯೋಚಿಸಿದವರಿಗೆ ಮನೆ ಎಂದರೇನೆಂದು ತಿಳಿದಿತ್ತು.

ಪಾಠದ ವಿಷಯದಲ್ಲೂ ಹೀಗೆಯೇ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಸಮೀಕ್ಷಾ ಫೌಂಡೇಶನ್ ಎಂಬ ಸಂಸ್ಥೆ ಕ್ಯಾನ್ಸರ್ ಪೀಡಿತ ಮಕ್ಕಳಿಗೆ ಪಾಠ ಹೇಳಿಕೊಡುವ ಕೆಲಸಕ್ಕೆ ಕೈಹಾಕಿತು. ಸಾಯಬಹುದಾದ ಮಗುವಿಗೆ ಮಗ್ಗಿ ಯಾಕೆ ಎಂದು ಕೇಳುವವರಿದ್ದಾರೆ. ನಾನೂ ಒಂದು ಕಾಲಕ್ಕೆ ಕೇಳುತ್ತಿದ್ದೆನೇನೋ. ಹೋಂವರ್ಕ್ ಕೊಡುವವರಿದ್ದಾರೆಂದರೆ ನಾಳೆ ಅದನ್ನು ನೋಡುವವರೂ ಇದ್ದಾರೆ ಎಂದು ಮಗು ತಿಳಿಯುತ್ತದೆ. ಮೂವತ್ತು ವರ್ಷ ಪಾಠ ಹೇಳಿದರೂ ನಾನು ಇದನ್ನು ತಿಳಿದದ್ದು ಅಲ್ಲಿ.

ಮನೆಯನ್ನು ವಾರ್ಡಿಗೆ ತರುವಾಗ ಎಚ್ಚರವೂ ಬೇಕು. ಈ ಮಕ್ಕಳಿಗೆ ಕೊಡುವ ಔಷಧಿಯಿಂದ ರಕ್ತದ ಬಿಳಿಕಣಗಳು ಕುಸಿಯುತ್ತವೆ, ಸಣ್ಣ ಸೋಂಕೂ ಜೀವಕ್ಕೆ ಎರವಾಗಬಹುದು. ನೆಗಡಿ ಇದ್ದವರು, ಮನೆಯಲ್ಲಿ ಸೀತಾಳೆ ಸಿಡುಬು ಬಿದ್ದವರು ಹತ್ತಿರ ಸುಳಿಯಬಾರದು. ಹೂವು, ಬೀದಿಯ ತಿಂಡಿ, ನಿನ್ನೆಯ ಊಟ ಬೇಡ. ಆಗ ತಾನೇ ಬೇಯಿಸಿದ ಬಿಸಿ ಊಟವನ್ನು ದಾದಿಯನ್ನು ಕೇಳಿ ಕೊಡಬೇಕು. ನಮ್ಮ ಹುಡುಗ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣು ಬೇಕೆಂದು ಹಟ ಹಿಡಿದಾಗ ಅದೇ ಕೇರಳದ ದಾದಿ ಖಡಾಖಂಡಿತವಾಗಿ ಬೇಡವೆಂದರು. ಮಣ್ಣಿನಲ್ಲಿ ಸೋಂಕು ಇರುತ್ತದೆ. ಆಮೇಲೆ ತಾವೇ ಹೋಗಿ ಎಲ್ಲಿಂದಲೋ ಗೋದಿಹಿಟ್ಟು ತಂದರು. ಹಿಟ್ಟು ನಾದಿ ಎರಡು ಎತ್ತು ಮಾಡಿದರು. ಒಂದಕ್ಕೆ ಕೊಂಬು ಸರಿಯಾಗಲಿಲ್ಲ. ಕೇರಳದವರಿಗೆ ಎತ್ತು ಮಾಡಲು ಬರುವುದಿಲ್ಲ ಎಂದು ಹುಡುಗ ತೀರ್ಪು ಕೊಟ್ಟ.

ಈಗ ಮೊಬೈಲ್ ಇದೆ, ಮುಖ ನೋಡಿಯೇ ಮಾತಾಡಬಹುದು ಎನ್ನುತ್ತೀರಿ. ಒಳ್ಳೆಯದೇ. ಆದರೆ ನಾವು ಏನು ಮಾತಾಡುತ್ತೇವೆ? ಉಂಡೆಯಾ, ಜ್ವರ ಎಷ್ಟಿದೆ, ಡಾಕ್ಟರ್ ಏನಂದರು? ಅದೂ ಒಂದು ತಪಾಸಣೆಯೇ. ಆ ಮನೆಯವರು ಬೇರೆ ದಾರಿ ಕಂಡುಕೊಂಡರು. ಸಂಜೆ ಅಜ್ಜಿ ರೊಟ್ಟಿ ಬಡಿಯುವಾಗ ಫೋನನ್ನು ಒಲೆಯ ಹತ್ತಿರದ ಗೂಡಿನಲ್ಲಿ ನಿಲ್ಲಿಸಿ ಸುಮ್ಮನಿರುತ್ತಿದ್ದರು. ಯಾರೂ ಅವನ ಜೊತೆ ಮಾತಾಡುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದು, ತಂಗಿ ಓದುವ ಸದ್ದು, ಅಜ್ಜಿ ಬೆಕ್ಕನ್ನು ಗದರುವ ಸದ್ದು. ಮುಕ್ಕಾಲು ತಾಸು ಅವನು ಕಣ್ಣು ಮುಚ್ಚಿ ಅದನ್ನೇ ಕೇಳುತ್ತ ಮಲಗಿರುತ್ತಿದ್ದ.

ಆ ತಂಗಿಯ ಬಗ್ಗೆ ನಾನು ಇನ್ನೂ ಏನೂ ಹೇಳಿಲ್ಲ. ನಾವೆಲ್ಲ ಹಾಗೆಯೇ, ಅವಳ ಬಗ್ಗೆ ಯಾರೂ ಹೇಳುವುದಿಲ್ಲ. ಏಳು ವರ್ಷದ ಹುಡುಗಿ. ತಾಯಿ ದೂರದಲ್ಲಿ, ತಂದೆ ಕೂಲಿಗೆ, ಅಜ್ಜಿಗೆ ಕಣ್ಣು ಮಂಜು. ಒಮ್ಮೆ ಅವಳಿಗೆ ಜ್ವರ ಬಂದು ಮೂರು ದಿನ ಬಿಡಲಿಲ್ಲ. ತಾಯಿ ಗಂಟುಮೂಟೆ ಕಟ್ಟಿದಳು, ಇವನನ್ನೂ ಕರೆದುಕೊಂಡು ಊರಿಗೆ ಹೋಗುತ್ತೇನೆ ಎಂದಳು. ಮೇಲೆ ಹೇಳಿದೆನಲ್ಲ, ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದು ಹೀಗೆ. ಆ ಸಲ ನಿಲ್ಲದಂತೆ ತಡೆದದ್ದು ನಾವು ವಾರ್ಡಿಗೆ ಒಯ್ದ ಯಾವ ವಸ್ತುವೂ ಅಲ್ಲ. ಪಕ್ಕದ ಮನೆಯ ಹೆಂಗಸು ಆ ಹುಡುಗಿಯನ್ನು ಮುಧೋಳದ ದವಾಖಾನೆಗೆ ಒಯ್ದು, ಎಂಟು ದಿನ ತನ್ನ ಮಕ್ಕಳ ಜೊತೆ ಮಲಗಿಸಿಕೊಂಡಳು. ಆಕೆ ಆಸ್ಪತ್ರೆಯ ಮುಖವನ್ನೇ ನೋಡಲಿಲ್ಲ, ಯಾವ ಫೋಟೋದಲ್ಲೂ ಇಲ್ಲ. ನನ್ನ ಪ್ರಕಾರ ಆ ಮಂಚದ ಬಳಿಗೆ ಮನೆಯನ್ನು ತಂದವರಲ್ಲಿ ಆಕೆಯೇ ದೊಡ್ಡವಳು.

ಆದ್ದರಿಂದ ಫೆಬ್ರವರಿ 11 ಬಂದಾಗ (1992ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಗೊತ್ತುಮಾಡಿದ ವಿಶ್ವ ರೋಗಿಗಳ ದಿನ ಅದು) ನೀವು ವಾರ್ಡಿಗೆ ಹೋಗುವಿರಾದರೆ ಹೋಗಿ. ಇಬ್ಬರೇ ಹೋಗಿ. ಕ್ಯಾಮೆರಾ ಮನೆಯಲ್ಲೇ ಬಿಡಿ. ತಾಯಿಯನ್ನು ಒಂದು ತಾಸು ಸ್ನಾನಕ್ಕೆ, ನಿದ್ದೆಗೆ ಕಳಿಸಿ, ಅಷ್ಟು ಹೊತ್ತು ಮಗುವಿನ ಜೊತೆ ಚೌಕಾಬಾರ ಆಡಿ. ಮಗು ಮೋಸ ಮಾಡಿದರೆ ಬಿಡಬೇಡಿ. ಹೋಗಲಾಗದವರು ನಿಮ್ಮ ಓಣಿಯಲ್ಲೇ ಸುತ್ತ ನೋಡಿ, ಯಾರ ಮನೆಯ ದೊಡ್ಡವರು ಆಸ್ಪತ್ರೆಯಲ್ಲಿದ್ದಾರೆ, ಯಾರ ಮನೆಯ ಸಣ್ಣವರು ಸಂಜೆ ಬಾಗಿಲಲ್ಲಿ ಕೂತಿದ್ದಾರೆ ಎಂದು. 2025ರ ಜನವರಿಯಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟನೆಯಾಯಿತು. ಬೆಂಗಳೂರು ಮುಂಬಯಿಗಳಿಗೆ ಹೋಲಿಸಿದರೆ ಮುಧೋಳದ ಸೀಮೆಯವರಿಗೆ ಬೆಳಗಾವಿ ಹತ್ತಿರ. ರಾತ್ರಿಯಿಡೀ ಬಸ್ಸಿನಲ್ಲಿ ಕೂರದೆ ಹೋಗಿಬರುವಷ್ಟು ಹತ್ತಿರದಲ್ಲಿ ಮಗು ಇದ್ದರೆ ತಂದೆಯೂ ವಾರಕ್ಕೊಮ್ಮೆ ಮುಖ ತೋರಿಸಬಹುದು, ಬೈಯಬಹುದು.

ಆ ಹುಡುಗ ಏನಾದ ಎಂದು ನೀವು ಕೇಳುತ್ತೀರಿ. ಮೊದಲ ವರ್ಷ ಚೇತರಿಸಿಕೊಂಡ, ಊರಿಗೆ ಹೋದ, ನಾಗರ ಪಂಚಮಿಗೆ ಜೋಕಾಲಿ ಆಡಿದ. ಎರಡನೆಯ ವರ್ಷ ಕಾಯಿಲೆ ಮರಳಿತು. ವೈದ್ಯರು ಇನ್ನು ಮಾಡುವುದೇನೂ ಇಲ್ಲವೆಂದ ಮೇಲೆ ಅವನನ್ನು ಮನೆಗೇ ತಂದರು. ಪಡಸಾಲೆಯಲ್ಲಿ, ಎಲ್ಲರೂ ಓಡಾಡುವ ಕಡೆ, ಅವನೇ ಹೇಳಿ ಹಾಸಿಗೆ ಹಾಕಿಸಿಕೊಂಡಿದ್ದ. ಅಲ್ಲಿಯೇ ತೀರಿಕೊಂಡ.

ತಿಂಗಳಾದ ಮೇಲೆ ನಾನು ಬೆಳಗಲಿಗೆ ಹೋಗಿದ್ದೆ. ಹೇಳಿದ್ದು ತಪ್ಪಾಯಿತೇ ಎಂದು ತಾಯಿಯನ್ನು ಕೇಳಬೇಕೆಂದುಕೊಂಡಿದ್ದೆ, ಬಾಯಿ ಬರಲಿಲ್ಲ. ತಂದೆ ಆ ನೋಟುಬುಕ್ಕನ್ನು ತಂದು ನನ್ನ ಮುಂದೆ ಇಟ್ಟ. ಮೊದಲ ಹಾಳೆಯಲ್ಲಿ ಎಮ್ಮೆಯ ರೊಕ್ಕ, ಅದರ ಮುಂದೆ ದೊಡ್ಡ ಅಕ್ಷರದಲ್ಲಿ 'ಕಡಿಮಿ ಆತು' ಎಂದು ಬರೆದಿದ್ದ. ಮುಕ್ಕಾಲು ಪುಸ್ತಕ ಅವನ ಲೆಕ್ಕ. ಉಳಿದ ಹಾಳೆಗಳಲ್ಲಿ ತಂಗಿ ಏಳರ ಮಗ್ಗಿ ಬರೆಯುತ್ತಿದ್ದಳು. ಏಳೆಂಟಲ ಐವತ್ನಾಲ್ಕು ಎಂದು ಬರೆದಿದ್ದಳು. ನಾನು ಪೆನ್ನು ತೆಗೆದು ತಿದ್ದಿದೆ.